ಗಬ್ಬೂರಿನ ಕಟ್ಟೆಯ ಮೇಲೆ ಚೆಂಡಿನ ಪುರಾಣ

ರಾಯಚೂರಿನ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಚೀಲ ತೂಗಿಸುವ ಕಾರಕೂನನಾಗಿದ್ದ ಹಂಪಣ್ಣ ಕಾದಂಬರಿ ಬರೆದದ್ದು ತಪ್ಪೇನಲ್ಲ. ಬರೆಯುವ ಚಟ ಯಾರಿಗೆ ಯಾವಾಗ ಅಂಟಿಕೊಳ್ಳುತ್ತದೆಂದು ಹೇಳಬಲ್ಲವರು ಯಾರು? ಅದು ಕಾಲೇಜಿನ ಹುಡುಗ ಹುಡುಗಿಯರ ಪ್ರೇಮದ ಕಾದಂಬರಿ ಎಂಬುದನ್ನೂ, ಅದರಲ್ಲಿ ಅರ್ಧಕ್ಕರ್ಧ ಫುಟ್‌ಬಾಲ್ ಆಟವೇ ತುಂಬಿತ್ತೆಂಬುದನ್ನೂ ದೊಡ್ಡ ಮನಸ್ಸು ಮಾಡಿ ಮಾಫಿ ಮಾಡಬಹುದು. ಅವನು ಕೆಟ್ಟದ್ದು ಹೆಣ್ಣು ನೋಡಲು ಹೋದ ಮನೆಯಲ್ಲಿ ಬಾಯಿ ಬಿಟ್ಟದ್ದರಿಂದ.

ಹಂಪಣ್ಣ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹತ್ತುವುದಿರಲಿ, ನೋಡಿದವನೂ ಅಲ್ಲ. ಮಿಲ್ಲಿನ ಹಿಂದೆ ಓದುವ ಹುಡುಗರು ಚೆಂಡಾಡುವ ಒಂದು ಮೈದಾನವಿತ್ತು. ಅದಕ್ಕೆ ಸುತ್ತಲೂ ಗೋಡೆ; ಗೋಡೆ ಹಂಪಣ್ಣನಿಗಿಂತ ಒಂದು ಮೊಳ ಎತ್ತರ. ಬಾಗಿಲಲ್ಲಿ ನಿಂತ ಚಪರಾಸಿ ಎಣ್ಣೆ ಜಿಡ್ಡಿನ ಅಂಗಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಹಂಪಣ್ಣ ದಿನಾಲೂ ಸಂಜೆ ಗೋಡೆಯ ಹೊರಗೆ ನಿಂತು, ಚೆಂಡು ಮೇಲಕ್ಕೆ ಚಿಮ್ಮಿದಾಗ ಚೆಂಡನ್ನು ನೋಡಿ, ಒಳಗೆ ಹೋ ಎಂದು ಕೂಗಿದಾಗ ತಾನೂ ಹೋ ಎಂದು ಕೂಗಿ ಮನೆಗೆ ಹೋಗುತ್ತಿದ್ದ. ಅವನ ಕಾದಂಬರಿಯಲ್ಲಿ ಚೆಂಡು ನೆಲ ಮುಟ್ಟುವುದು ಬಹಳ ಅಪರೂಪ. ನೆಲದ ಮೇಲೆ ಏನು ನಡೆಯುತ್ತದೆ ಎಂಬುದು ಪಾಪ ಲೇಖಕನಿಗೇ ಗೊತ್ತಿರಲಿಲ್ಲ.

ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಮಿಲ್ಲಿನ ಹಳೆಯ ರಸೀದಿಗಳ ಬೆನ್ನ ಮೇಲೆ ಬರೆದು, ದಬ್ಬಣದಿಂದ ಹೊಲಿದು, ಮೇಲೆ ದೊಡ್ಡ ಅಕ್ಷರದಲ್ಲಿ ‘ಚೆಂಡು ಮತ್ತು ಚೆಲುವೆ’ ಎಂದು ಬರೆದಿದ್ದ. ನಾಯಕ ವಸಂತಕುಮಾರ, ನಾಯಕಿ ಕುಮುದಿನಿ. ಕೊನೆಯ ಅಧ್ಯಾಯದಲ್ಲಿ ವಸಂತಕುಮಾರ ಮುರಿದ ಕಾಲಿನಲ್ಲೇ ಗೋಲು ಹೊಡೆದು ಬೆಳ್ಳಿಯ ಬಟ್ಟಲು ಎತ್ತಿ ಹಿಡಿಯುವ ಹೊತ್ತಿಗೆ ಕುಮುದಿನಿ ಕ್ಷಯದಿಂದ ಕೆಮ್ಮಿ ಕೆಮ್ಮಿ ಪ್ರಾಣ ಬಿಡುತ್ತಾಳೆ. ಆ ಅಧ್ಯಾಯ ಬರೆದ ದಿನ ಹಂಪಣ್ಣ ಶೇಂಗಾ ಚೀಲಕ್ಕೆ ಮುಖವಿಟ್ಟು ಅತ್ತಿದ್ದ. ಇಂಥ ಸಾವು ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ಅವನಿಗೆ ಖಾತ್ರಿ.

ಇನ್ನು ಹೆಣ್ಣಿನ ವಿಷಯ. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಹುಲಿಗೆಪ್ಪನ ಮಗಳು ಆದೆಮ್ಮ. ಹಂಪಣ್ಣ ಸೋದರಮಾವನ ಜೊತೆ, ಪೆಟ್ರೋಲೂ ಸಿಗದ ಆ ಕಾಲದ ಇದ್ದಲು ಗ್ಯಾಸಿನ ಬಸ್ಸು ಹತ್ತಿದ. ಕಲ್ಮಲದ ಏರಿನಲ್ಲಿ ಎಲ್ಲರೂ ಇಳಿದು ಬಸ್ಸು ನೂಕಿದರು. ಹೊಸ ಅಂಗಿಗೆ ಮಸಿ ಬಳಿದುಕೊಂಡೇ ಗಬ್ಬೂರು ಮುಟ್ಟಿದ. ಮನೆಯಲ್ಲಿ ಹುಲಿಗೆಪ್ಪ ಇದ್ದನಾದರೂ ಅವನಿಗೆ ಮಾತಾಡುವ ರೂಢಿ ಇರಲಿಲ್ಲ. ಮಾತೆಲ್ಲ ಅವನ ತಾಯಿ ಬೂದೆಮ್ಮನದು.

“ಹುಡುಗ ಏನು ಮಾಡತಾನ?” ಎಂದಳು ಬೂದೆಮ್ಮ.

“ಮಿಲ್ಲಿನ್ಯಾಗ ಚೀಲಾ ತೂಗಸ್ತಾನ,” ಎಂದ ಮಾವ.

“ಮತ್ತ?”

ಆ ಒಂದು ‘ಮತ್ತ?’ ಹಂಪಣ್ಣನ ಎದೆಗೆ ನಾಟಿತು. ಹಿಂದಿನ ವಾರ ಜೋಡಿ ಎತ್ತು, ಕಪ್ಪು ಹೊಲ ಇದ್ದ ದೇವದುರ್ಗದ ಗಂಡೊಂದು ಬಂದುಹೋಗಿದೆ ಎಂದು ಬಸ್ಸಿನಲ್ಲೇ ಕೇಳಿದ್ದ. ಅದೇ ಹೊತ್ತಿಗೆ ಆದೆಮ್ಮ ನೀರಿನ ತಂಬಿಗೆ ತಂದಿಟ್ಟು, ಅವನ ಮಸಿ ಹತ್ತಿದ ಅಂಗಿಯನ್ನೂ ಮುಖವನ್ನೂ ಒಮ್ಮೆ ನೋಡಿ, ತುಟಿ ಒಳಗೆ ಎಳೆದುಕೊಂಡು ನಗು ತಡೆದಳು. ಹಂಪಣ್ಣನಿಗೆ ಅಲ್ಲೇ ತಲೆ ಕೆಟ್ಟಿತು. ಈ ಹುಡುಗಿ ಸಿಗದಿದ್ದರೆ ತಾನು ಇದ್ದೂ ಇಲ್ಲದ ಹಾಗೆ ಎನ್ನಿಸಿತು.

“ನಾ ಪುಸ್ತಕ ಬರದೀನ್ರಿ ಯವ್ವಾ,” ಎಂದುಬಿಟ್ಟ.

ಬೂದೆಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಅವಳು ಕಂಡ ಪುಸ್ತಕವೆಂದರೆ ಒಂದೇ, ಪೀಠದ ಮೇಲಿಟ್ಟು ಹೂ ಏರಿಸಿ ಓದುವಂಥದು. “ಪುರಾಣ ಬರದೀಯೇನೋ ಯಪ್ಪಾ?”

ಹಂಪಣ್ಣ ಆಗ ಅಲ್ಲ ಎನ್ನಬಹುದಿತ್ತು. “ಹಂಗಾ ಅಂತ ತಿಳೀರಿ,” ಎಂದ.

“ಬೇಷಾತು. ಶ್ರಾವಣ ಹತ್ರ ಬಂತು. ನಮ್ಮೂರ ಮಂದಿಗೆ ಹಳೇ ಪುರಾಣ ಎಲ್ಲಾ ಬಾಯಿಪಾಠ ಆಗಿ, ಕುಂತಲ್ಲೇ ಗೊರಕಿ ಹೊಡ್ಯಾಕತ್ಯಾರ. ಈ ಸಲ ನಿಂದಾ ಹಚ್ಚೂಣು. ಪುರಾಣ ಮುಗದು ಮಂಗಳ ಆದ ದಿನ ಹೆಣ್ಣಿನ ಮಾತು ಮುಗಸೂಣು. ಏನಂತಿ?”

ಹಂಪಣ್ಣ ಏನೆಂದಾನು? ಹೂಂ ಅಂದ.

ಮಳೆಗಾಲದಲ್ಲಿ ಮಿಲ್ಲಿಗೆ ಶೇಂಗಾ ಬರುವುದಿಲ್ಲ, ಬಾಗಿಲು ಹಾಕಿರುತ್ತದೆ. ಹಾಗಾಗಿ ಹಂಪಣ್ಣ ಶ್ರಾವಣದ ಮೊದಲ ಸೋಮವಾರಕ್ಕೆ ಗಂಟು ಕಟ್ಟಿಕೊಂಡು ಬಂದು ಗಬ್ಬೂರಿನ ಹನುಮಪ್ಪನ ಗುಡಿಯಲ್ಲಿ ಬೀಡುಬಿಟ್ಟ. ಪುರಾಣದ ಪದ್ಧತಿ ಏನೆಂದರೆ, ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಅರ್ಥ ಹೇಳಲು ಮಾನ್ವಿ ತಾಲೂಕಿನ ಮಲ್ಲಟದಿಂದ ಸಿದ್ದರಾಮಪ್ಪನವರನ್ನು ಕರೆಸಿದ್ದರು. ಮುಪ್ಪಿನ ಮನುಷ್ಯ, ದೊಡ್ಡ ರುಮಾಲು. ಅರ್ಥ ಇಲ್ಲದ್ದಕ್ಕೂ ಅರ್ಥ ಹೇಳುತ್ತಾರೆಂದು ಎರಡು ತಾಲೂಕಿನಲ್ಲಿ ಹೆಸರಾಗಿದ್ದರು.

ಇನ್ನೊಂದು ಪದ್ಧತಿ. ಪುರಾಣದಲ್ಲಿ ಆದದ್ದು ಅದನ್ನು ಓದುವ ಗುಡಿಯ ಕಟ್ಟೆಯ ಮೇಲೂ ಆಗಬೇಕು. ಕೂಸು ಹುಟ್ಟಿದ ಭಾಗ ಬಂದರೆ ಹೆಂಗಸರು ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆಯ ಭಾಗ ಬಂದರೆ ಬಾಸಿಂಗ ಕಟ್ಟಿ, ಅಕ್ಕಿಕಾಳು ಹಾಕಿ, ಊರಿಗೆಲ್ಲ ಗೋಧಿ ಹುಗ್ಗಿ ಮಾಡುತ್ತಾರೆ. ಇದು ಹಂಪಣ್ಣನಿಗೂ ಗೊತ್ತಿತ್ತು. ಆದರೆ ತನ್ನ ಕಾದಂಬರಿಗೂ ಇದು ತಗಲುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಮೊದಲ ಸಂಜೆ ಕಟ್ಟೆಯ ತುಂಬ ಜನ. ಹಂಪಣ್ಣನ ಕೊರಳಿಗೆ ಹೂವಿನ ಹಾರ, ಎದುರಿಗೆ ದೀಪ. ಗಂಟಲು ಸರಿಮಾಡಿಕೊಂಡು ಓದಿದ:

“ಆಹಾ! ಭಾಗ್ಯನಗರದ ಮಹಾವಿದ್ಯಾಲಯದ ವಿಶಾಲ ಮೈದಾನದಲ್ಲಿ ವಸಂತಕುಮಾರನ ವಾಮಪಾದದ ಪ್ರಹಾರಕ್ಕೆ ಚೆಂಡು ಗಗನವನ್ನು ಚುಂಬಿಸಿತು! ಅದೇ ಕ್ಷಣ ಮಹಡಿಯ ಮೇಲೆ ನಿಂತಿದ್ದ ಕುಮುದಿನಿಯ ಹೃದಯವೂ ಗಗನಕ್ಕೆ ಹಾರಿತು! ಚೆಂಡು ಕೆಳಗೆ ಬಂದಿತು. ಹೃದಯ ಬರಲಿಲ್ಲ!”

ಜನ ಸಿದ್ದರಾಮಪ್ಪನವರ ಕಡೆ ತಿರುಗಿದರು. ಅವರು ಚೆಂಡಾಟ ಕಂಡವರಲ್ಲ, ಆದರೆ ಕಂಡಿಲ್ಲವೆಂದು ಅರ್ಥ ಹೇಳುವುದನ್ನು ಬಿಟ್ಟವರೂ ಅಲ್ಲ. ಕಣ್ಣು ಮುಚ್ಚಿ ಆರಂಭಿಸಿದರು.

“ಚೆಂಡು ಅಂದ್ರ ಏನು? ಮ್ಯಾಲ ಚರ್ಮದ ಚೀಲ, ಒಳಗ ಗಾಳಿ. ಈ ದೇಹ ಅಂದ್ರ ಏನು? ಮ್ಯಾಲ ಚರ್ಮದ ಚೀಲ, ಒಳಗ ಗಾಳಿ. ಹುಟ್ಟಿದಾಗಿಂದ ಒಬ್ಬರಲ್ಲ ಒಬ್ಬರು ಒದೀತಾರ. ಒದಿಸ್ಕೊಂಡಷ್ಟೂ ಮ್ಯಾಲ ಏರತದ. ಗಾಳಿ ಹೋತಂದ್ರ ಯಾರೂ ಒದ್ಯಾಂಗಿಲ್ಲ, ಮೂಲ್ಯಾಗ ಒಗೀತಾರ!”

ಕಟ್ಟೆಯ ಮೇಲಿನ ಮುದುಕರು ನಿಟ್ಟುಸಿರು ಬಿಟ್ಟರು. ಹಂಪಣ್ಣನೂ ಬಿಟ್ಟ. ತಾನು ಇಷ್ಟು ದೊಡ್ಡ ಮಾತು ಬರೆದಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಹೆಂಗಸರ ಸಾಲಿನಿಂದ ಒಂದು ಪ್ರಶ್ನೆ ಬಂತು. “ಗಂಡಸ್ರು ತುಂಡು ಚಡ್ಡಿ ಹಾಕ್ಕೊಂಡು ಕುಣ್ಯಾಕತ್ತರ ಆ ಹುಡುಗಿ ಮಾಳಿಗಿ ಮ್ಯಾಲ ನಿಂತು ನೋಡತಾಳಲ್ಲ, ಆಕಿ ಅಪ್ಪ ಮನ್ಯಾಗಿಲ್ಲೇನು?”

“ಅವರಪ್ಪ ಜಡ್ಜ್ ಅದಾನ್ರಿ. ಕಚೇರಿಗೆ ಹೋಗ್ಯಾನ.”

“ಮಗಳನ್ನ ಮಾಳಿಗಿ ಮ್ಯಾಲ ಬಿಟ್ಟು ಊರ ಮಂದಿ ನ್ಯಾಯಾ ಬಗೀಹರಸಾಕ ಹೋದನೇನು?”

ಅಷ್ಟರಲ್ಲಿ ಬೂದೆಮ್ಮ ಕೈ ಎತ್ತಿದಳು. “ಅದಿರಲಿ. ಆ ಹುಡುಗ ವಸಂತಪ್ಪಂದು ಬೆಡಗು ಯಾವುದು?”

ಬೆಡಗು ಎಂದರೆ ಕುಲದ ಒಳಗಿನ ಬಳಿ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಅದನ್ನು ಕೇಳದೆ ಆ ಕಡೆ ಯಾರೂ ಸಂಬಂಧ ಮಾಡುವುದಿಲ್ಲ, ಮುಂದೆ ಮದುವೆ ಆಗುವವರ ಕಥೆಯನ್ನೂ ಕೇಳುವುದಿಲ್ಲ.

“ಅವಾ ಅನಾಥ ಅದಾನ್ರಿ ಯವ್ವಾ. ತಾಯಿ ತಂದಿ ಇಲ್ಲ.”

“ತಾಯಿ ತಂದಿ ಸತ್ರ ಬೆಡಗೂ ಸಾಯತದೇನು?”

ಇಡೀ ಕಟ್ಟೆ ತನ್ನನ್ನೇ ನೋಡುತ್ತಿರುವುದನ್ನು ಕಂಡು ಹಂಪಣ್ಣ ಬೆವೆತ. ಬಾಯಿಗೆ ಬಂದ ಮೊದಲನೆಯ ಬೆಡಗು ಹೇಳಿಬಿಟ್ಟ. ಅದು ಅವನದೇ ಬೆಡಗು. “ಹಾಂ!” ಎಂದರು ಜನ, ಏನೋ ತಿಳಿದವರ ಹಾಗೆ.

ಮರುದಿನ ಸಂಜೆ ಕುಮುದಿನಿಯ ಬೆಡಗು ಕೇಳಿದರು. ಇಷ್ಟರಲ್ಲಿ ಹುಷಾರಾಗಬೇಕಿತ್ತು. ಆದರೆ ಆದೆಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ದೀಪದ ಬೆಳಕು ಅವಳ ಮುಖದ ಮೇಲೇ ಬಿದ್ದಿತ್ತು. ಹಂಪಣ್ಣ ಅವಳನ್ನು ನೋಡುತ್ತ ನೋಡುತ್ತ ಅವಳ ಬೆಡಗನ್ನೇ ಹೇಳಿದ. ಎಷ್ಟೋ ವರ್ಷದಿಂದ ತಾಯಿಯ ಮುಂದೆ ಉಸಿರೆತ್ತದ ಹುಲಿಗೆಪ್ಪ ಕೂಡ ಗಂಟಲು ಕೆರೆದ. ಬೂದೆಮ್ಮ “ಹೂಂ” ಎಂದಳು. ಅಷ್ಟೆ, ಊರಿಗೆ ಎಲ್ಲ ತಿಳಿದುಹೋಯಿತು. ಈ ಪುರಾಣ ಯಾರದು, ಮುಂದೆ ಯಾರಿಗೆ ಯಾರೊಡನೆ ಮದುವೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಬೆಳಗಾಗುವುದರಲ್ಲಿ ಬಾವಿಯ ಹತ್ತಿರ ಹೆಂಗಸರು ಆದೆಮ್ಮನನ್ನು “ಬಾ ಕುಮುದವ್ವಾ” ಎಂದು ಕರೆಯತೊಡಗಿದ್ದರು. ಹಂಪಣ್ಣ ಗುಡಿಯ ಮುಂದೆ ಮುಖ ತೊಳೆಯುತ್ತಿದ್ದಾಗ ಆದೆಮ್ಮ ಕೊಡ ಹೊತ್ತು ಅದೇ ದಾರಿಯಲ್ಲಿ ಬಂದಳು. ನಿಂತಳು.

“ಏನ್ರೀ, ಮುಂದ ನನಗ ಏನೇನು ಆಗೂದದ? ಮದ್ಲಾ ಹೇಳಿಬಿಡ್ರಿ. ಹೊಲದಾಗ ಕಳೆ ತಗ್ಯೂದದ.”

ಹಂಪಣ್ಣ ಮುಖದ ನೀರು ಒರೆಸಿಕೊಳ್ಳುವುದನ್ನೂ ಮರೆತ. “ನೀವು… ಅಂದ್ರ ಆಕಿ… ಭಾಳ ಅಳತಾಳ್ರಿ.”

“ಮತ್ತ?”

“ಮೂರ್ಛಿ ಹೋಗತಾಳ.”

“ಎಷ್ಟು ಸಲ?”

“ಭಾಳ ಸಲ.”

“ಮತ್ತ?”

ಸಾಯುತ್ತಾಳೆ ಎನ್ನುವ ಬದಲು ಹಂಪಣ್ಣ ಮತ್ತೊಮ್ಮೆ ಮುಖಕ್ಕೆ ನೀರು ಎರಚಿಕೊಂಡ. ಆದೆಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, “ಆಕಿ ಮನ್ಯಾಗ ಕೆಲಸಾ ಬೊಗಸಿ ಏನೂ ಇಲ್ಲೇಳ್ರಿ,” ಎಂದು ಹೊರಟುಹೋದಳು.

ಕಥೆ ಮುಂದೆ ಸಾಗಿತು. ದುರ್ಜಯನೆಂಬ ದುಷ್ಟ ಆಟಗಾರ ವಸಂತಕುಮಾರನ ಕಾಲು ಮುರಿದ ಸಂಜೆ ಹೆಂಗಸರು ಗೊಳೋ ಎಂದು ಅತ್ತರು. ಸಿದ್ದರಾಮಪ್ಪನವರು ಕಾಲು ಎಂದರೆ ಅಹಂಕಾರ ಎಂದು ಅರ್ಥ ಹೇಳಿ ಸಮಾಧಾನ ಮಾಡಿದರು. ಮರುದಿನ ಮುಂಜಾನೆ ಹಂಪಣ್ಣ ಕಣ್ಣು ತೆರೆದರೆ, ಎದುರಿಗೆ ಎಲುಬು ಕಟ್ಟುವ ಅಲ್ಲಾಬಕ್ಷ್ ಬಿದಿರಿನ ದಬ್ಬೆ, ಕೋಳಿ ತತ್ತಿ, ಬಟ್ಟೆಪಟ್ಟಿ ಇಟ್ಟುಕೊಂಡು ಕೂತಿದ್ದ. ಹಿಂದೆ ಬೂದೆಮ್ಮ.

“ಕಾಲು ಚಾಚ್ರಿ,” ಎಂದ ಅಲ್ಲಾಬಕ್ಷ್.

“ನನ್ನ ಕಾಲಿಗೆ ಏನಾಗಿಲ್ಲ ಮಾಮಾ! ಮುರದದ್ದು ಪುಸ್ತಕದಾಗ!”

“ಪುರಾಣದಾಗ ಆದದ್ದು ಕಟ್ಟೀ ಮ್ಯಾಲ ಆಗಬೇಕು ಹೌದಿಲ್ಲೋ?” ಎಂದಳು ಬೂದೆಮ್ಮ. “ಕೂಸು ಹುಟ್ಟಿದ್ರ ತೊಟ್ಲಾ ಕಟ್ಟತೀವಿ. ಕಾಲು ಮುರದ್ರ ದಬ್ಬಿ ಕಟ್ಟಬ್ಯಾಡೇನು? ಸುಮ್ನ ಚಾಚು.”

ಹಂಪಣ್ಣ ಚಾಚಿದ. ಅಲ್ಲಾಬಕ್ಷ್ ತೊಡೆಯಿಂದ ಪಾದದವರೆಗೆ ಬಿಗಿದು ಕಟ್ಟುತ್ತ ಕೇಳಿದ, “ಎಲುಬು ಎಷ್ಟು ಕಡಿ ಮುರದಾದ?”

“ಮೂರು ಕಡಿ ಅಂತ ಬರದೀನಿ.”

“ಮತ್ತ ಅದ ಕಾಲಿಲೆ ಮುಂದ ಚೆಂಡು ಒದೀತಾನೇನು?”

“ಹೌದು.”

ಅಲ್ಲಾಬಕ್ಷ್‌ಗೆ ಸಿಟ್ಟು ನೆತ್ತಿಗೇರಿತು. “ಅಲ್ರೀ, ಮೂರು ಕಡಿ ಮುರದ ಕಾಲಿಲೆ ಮಂದಿ ಒದ್ಯಾಕತ್ರ ನನ್ನ ಮನಿಗೆ ಯಾರು ಬರತಾರ? ನನ್ನ ಹೊಟ್ಟಿ ಮ್ಯಾಲ ಒದ್ದಂಗಾತಲ್ಲ ಅದು! ಈ ದಬ್ಬಿ ನಾ ಬಿಚ್ಚೂತನಾ ಬಿಚ್ಚಂಗಿಲ್ಲ, ನೋಡ್ರಿ!” ಎಂದು ಇನ್ನೊಂದು ಸುತ್ತು ಬಿಗಿದ. ಅಂದಿನಿಂದ ಹಂಪಣ್ಣ ಮರದ ಕಾಲಿನವನ ಹಾಗೆ ಕಾಲು ಮುಂದೆ ಚಾಚಿಕೊಂಡೇ ಓದಬೇಕಾಯಿತು. ಮನೆಮನೆಯಿಂದ ಹಾಲು, ಬೆಲ್ಲ, ಹುರುಳಿ ಸಾರು ಬಂದವು. ಸಾರು ತಂದಿಡಲು ಬಂದ ಆದೆಮ್ಮ ದಬ್ಬೆಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿ, ಈ ಸಲ ನಗು ತಡೆಯದೆ ನಕ್ಕಳು. ಹಂಪಣ್ಣನಿಗೆ ಇನ್ನೊಂದು ಕಾಲೂ ಮುರಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಗಬ್ಬೂರಿನ ಸುದ್ದಿ ದೇವದುರ್ಗದ ಸಂತೆಗೆ ಹೋಗುವಷ್ಟರಲ್ಲಿ ಬೇರೆ ರೂಪ ತಾಳಿತ್ತು. ಗಬ್ಬೂರಿನಲ್ಲಿ ಕಾಲೇಜಿನವರು ಜನ ಕೂಡಿಸುತ್ತಿದ್ದಾರೆ, ಒಬ್ಬನ ಕಾಲು ಮುರಿದಿದ್ದಾರೆ, ಜಡ್ಜ್ ಸಾಹೇಬರ ಮಗಳನ್ನು ಎತ್ತಿಕೊಂಡು ಹೋಗಿದ್ದಾರೆ! ಆಗ ನಿಜಾಮರ ಆಳ್ವಿಕೆ. ಜನ ಕೂಡಿಸಿ ಮಾತಾಡಬೇಕಾದರೆ ಇಜಾಜತ್, ಅಂದರೆ ಸರಕಾರದ ಅಪ್ಪಣೆ, ಬೇಕು. ಪೊಲೀಸ್ ಜಮಾದಾರ ವಲಿ ಪಾಷಾ ಸೈಕಲ್ ತುಳಿದುಕೊಂಡು, ಮೀಸೆಯ ಮೇಲೆ ಧೂಳು ಹೊತ್ತು ಕಟ್ಟೆಗೆ ಬಂದಿಳಿದ.

“ಯಾವನಲೇ ಕಾಲು ಮುರದಾಂವ?”

ಎಲ್ಲರೂ ಹಂಪಣ್ಣನ ದಬ್ಬೆ ತೋರಿಸಿದರು.

“ಎತಗೊಂಡು ಹೋಗಿದ್ದು ಯಾವ ಲಡಕೀನ?”

ಎಲ್ಲರೂ ಆದೆಮ್ಮನನ್ನು ತೋರಿಸಿದರು. ಅವಳು ಕಂಬದ ಹತ್ತಿರ ಶೇಂಗಾ ತಿನ್ನುತ್ತಿದ್ದಳು.

ವಲಿ ಪಾಷಾ ತಲೆ ಕೆರೆದುಕೊಂಡ. ಸಿದ್ದರಾಮಪ್ಪನವರು ಎದ್ದು ಕೈ ಮುಗಿದರು. “ಜಮಾದಾರ್ ಸಾಹೇಬ್ರ, ಇದು ಪುರಾಣರೀ. ಇದಕ್ಕ ಇಜಾಜತ್ ಬ್ಯಾಡಲ್ರೀ.”

“ಪುರಾಣದಾಗ ಫುಟ್‌ಬಾಲ್ ಯಾಕ ಬಂತು?”

“ಅದಕ್ಕ ಅರ್ಥ ಅದರೀ. ಕುಂದರ್ರಿ, ಹೇಳತೀನಿ.”

ಜಮಾದಾರ ತನಿಖೆಗೆಂದು ಕೂತ. ಅಂದು ಓದಿದ್ದು ದೊಡ್ಡ ಪಂದ್ಯ ಶುರುವಾಗುವ ಭಾಗ. ಸ್ವಲ್ಪ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. “ಅರೇ ಮಿಯಾ! ನಾನು ಪಲ್ಟನ್‌ನ್ಯಾಗ ಫುಟ್‌ಬಾಲ್ ಆಡಿದಾಂವ. ಚೆಂಡು ಮ್ಯಾಲಾ ಹೋಗತದ, ಮ್ಯಾಲಾ ಇರತದ, ಅಲ್ಲಿಂದ ಮತ್ತೂ ಮ್ಯಾಲ ಹೋಗತದ. ಇದೇನು ದಾರಾ ಕಟ್ಟಿ ಪತಂಗ ಹಾರಸಾಕತ್ತಾರೇನು? ರೆಫರಿ ಎಲ್ಲಿ ಅದಾನ?”

“ಯಾರ್ರೀ ಅವಾ?”

“ಸೀಟಿ ಊದಾಂವ!”

ಹಂಪಣ್ಣ ಸೀಟಿಯ ಶಬ್ದ ಕೇಳಿದ್ದ, ಆದರೆ ಅದು ರೈಲಿನದು ಎಂದುಕೊಂಡಿದ್ದ. ಮರ್ಯಾದೆ ಬಿಟ್ಟು, ತಾನು ಗೋಡೆಯ ಹೊರಗೆ ನಿಂತು ನೋಡಿದ್ದನ್ನು ಹೇಳಿಬಿಟ್ಟ. ವಲಿ ಪಾಷಾ ಮರುಕದಿಂದ ಚ್ಚು ಚ್ಚು ಎಂದ. ಮುಂದೆ, ಹಿಂದಿನ ಸಂಜೆಗಳಲ್ಲಿ ದುರ್ಜಯ ಮೋಟಾರಿನಲ್ಲಿ ಎತ್ತಿಕೊಂಡು ಹೋಗಿದ್ದ ಕುಮುದಿನಿಯ ಕಥೆಗೆ ಬಂದು, ‘ಅಷ್ಟರಲ್ಲಿಯೇ ಪೊಲೀಸರು ಧಾವಿಸಿ ಬಂದರು’ ಎಂದು ಓದಿದ್ದೇ ತಡ, ಜಮಾದಾರ ತೊಡೆ ತಟ್ಟಿಕೊಂಡು ನಕ್ಕ. “ಇದು ಹಸೀ ಸುಳ್ಳು! ಅಷ್ಟರಾಗಾ ಹೆಂಗ ಬರತಾರ? ಖಬರು ಬರಬೇಕು, ಸೈಕಲ್ಲಿಗೆ ಗಾಳಿ ಹಾಕಬೇಕು, ಛಾ ಕುಡೀಬೇಕು. ಇದನ್ನ ಯಾವ ಹುಚ್ಚ ನಂಬತಾನ?” ಹೀಗೆಂದರೂ ಅವನು ಏಳಲಿಲ್ಲ. ಕುಮುದಿನಿ ಪಾರಾದಳೆಂದು ಖಾತ್ರಿ ಆದಮೇಲೆಯೇ ಎದ್ದ. ಆ ರಾತ್ರಿ ಊರಿನಲ್ಲೇ ಉಳಿದ. ಮರುದಿನವೂ ತನಿಖೆ ಮುಗಿಯಲಿಲ್ಲ.

ಮಂಗಳದ ಹಿಂದಿನ ದಿನ ಬೂದೆಮ್ಮ ಗೋಧಿ ಕುಟ್ಟಿಸಿದಳು. ಬಾಸಿಂಗ ಬಂದವು, ಅರಿಶಿನ ಅರೆದರು. ಇದನ್ನೆಲ್ಲ ನೋಡಿ ಹಂಪಣ್ಣ ಸಿದ್ದರಾಮಪ್ಪನವರನ್ನು ಗುಡಿಯ ಹಿಂದೆ ಕರೆದ.

“ಅಜ್ಜಾರ, ಮದುವಿ ಇಲ್ರೀ. ಕುಮುದಿನಿ ಸಾಯತಾಳ.”

ಸಿದ್ದರಾಮಪ್ಪನವರ ರುಮಾಲು ಓರೆಯಾಯಿತು. “ಏನಂದಿ? ಸಾಯತಾಳ? ಲೇ ತಮ್ಮಾ, ಆಕಿಗೆ ಯಾರ ಬೆಡಗು ಹಚ್ಚೀದಿ, ನೆನಪದ ಏನು? ಪುರಾಣದಾಗ ಆದದ್ದು ಕಟ್ಟೀ ಮ್ಯಾಲ ಆಗಬೇಕು ಅಂತಾರ ಈ ಮಂದಿ!”

“ಆದ್ರ ಅಜ್ಜಾರ, ಆ ಸಾವು ಭಾಳ ಚಂದ ಬಂದದ್ರೀ…”

“ಚಂದ ಬಂದದಂತ! ಬದುಕಿಸಲೇ ಆಕಿನ್ನ!”

“ಬದುಕಿಸಿದ್ರ ಅದು ಕಲೆ ಆಗೂದಿಲ್ರೀ,” ಎಂದ ಹಂಪಣ್ಣ. ಚೀಲ ತೂಗಿಸುವವನ ಬಾಯಿಂದ ಈ ಮಾತು ಎಲ್ಲಿಂದ ಬಂತೋ! ಹೆಣ್ಣು ಬೇಕು, ಸಾವೂ ಬೇಕು. ಎರಡರಲ್ಲಿ ಯಾವುದನ್ನೂ ಬಿಡಲಾರದೆ ಆ ರಾತ್ರಿ, ಮರುದಿನವೆಲ್ಲ ಒದ್ದಾಡಿದ. ಕೊನೆಗೆ, ಓದುವಾಗ ಏನು ಆಗುತ್ತದೋ ಆಗಲಿ ಎಂದು ಲೇಖಕರ ಮೊಂಡುತನದಿಂದ ಕಟ್ಟೆ ಏರಿದ.

ಮಂಗಳದ ಆ ಸಂಜೆ ಹುಗ್ಗಿಯ ಹಂಡೆ ಕ್ವತ ಕ್ವತ ಕುದಿಯುತ್ತಿತ್ತು. ಹಂಪಣ್ಣ ಓದಿದ: “ಅತ್ತ ಮೈದಾನದಲ್ಲಿ ಜಯಘೋಷ! ಇತ್ತ ಶಯ್ಯೆಯ ಮೇಲೆ ಕುಮುದಿನಿ ಒಮ್ಮೆ ಕೆಮ್ಮಿದಳು. ಕರವಸ್ತ್ರದ ಮೇಲೆ ಕೆಂಪು ಹನಿ! ವೈದ್ಯರು ತಲೆಯಲ್ಲಾಡಿಸಿದರು…”

“ನಿಲ್ಸು!” ಬೂದೆಮ್ಮ ಎದ್ದು ನಿಂತಿದ್ದಳು. “ಯಾಕ ತಲಿ ಅಳ್ಳಾಡಿಸಿದ ಆ ಡಾಕ್ಟ್ರು? ನನ್ನ ಮೊಮ್ಮಗಳು ಕಲ್ಲು ಗುಂಡಿನಂಗ ಅದಾಳ! ಹೆಣ್ಣು ಕೊಡೂ ಮನ್ಯಾಗ ಉಂಡು, ಊರ ಮುಂದ ಆಕಿನ್ನ ಸಾಯಸ್ತೀಯೇನೋ?”

“ಯವ್ವಾ, ಅದು ಕುಮುದಿನಿರೀ…”

“ಬೆಡಗು ಯಾರ್ದು?”

ಗಲಾಟೆ ಎದ್ದಿತು. ಹೆಂಗಸರು ಓಡಿ ಆದೆಮ್ಮನ ಹಣೆ, ಕೊರಳು ಮುಟ್ಟಿ ನೋಡಿದರು. ಯಾರೋ ದೃಷ್ಟಿ ತೆಗೆಯಲು ಉಪ್ಪು ತಂದರು. ವಲಿ ಪಾಷಾ ಟೋಪಿ ಹಾಕಿಕೊಂಡು ಮುಂದೆ ಬಂದ. “ನೋಡು ಮಿಯಾ, ಪುರಾಣ ಅಂದ್ರ ಮದುವಿ ಆಗಬೇಕು, ಮಂಗಳ ಆಗಬೇಕು. ಮದುವಿ ಇಲ್ಲಂದ್ರ ಇದು ಪುರಾಣ ಅಲ್ಲ. ಪುರಾಣ ಅಲ್ಲಂದ್ರ ಇಜಾಜತ್ ಇಲ್ಲದ ಮಂದಿ ಕೂಡ್ಸಿದಿ. ನಡಿ ಠಾಣಾಕ್ಕ. ಮ್ಯಾಲ ಲಡಕಿ ಸತ್ತದ್ದರ ಪಂಚನಾಮಾ ಬ್ಯಾರೆ.”

ಓಡಿಹೋಗೋಣವೆಂದರೆ ದಬ್ಬೆ ಕಟ್ಟಿದ ಕಾಲು. ಹಂಪಣ್ಣ ಸಿದ್ದರಾಮಪ್ಪನವರನ್ನು ನೋಡಿದ. ಎಲ್ಲದಕ್ಕೂ ಅರ್ಥ ಹೇಳುವ ಮನುಷ್ಯ ಆಕಾಶ ನೋಡುತ್ತಿದ್ದರು.

“ನಾ ಒಂದ ಮಾತು ಕೇಳಬೇಕು,” ಎಂದು ದನಿಯೊಂದು ಬಂತು.

ಆದೆಮ್ಮ ಹೆಂಗಸರ ಕೈಗಳನ್ನು ಸರಿಸಿ ಕಟ್ಟೆಯ ಮುಂದೆ ಬಂದು ನಿಂತಳು. ಹುಡುಗಿಯರು ಪುರಾಣದ ನಡುವೆ ಮಾತಾಡಿದ್ದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು.

“ಇಷ್ಟು ದಿನಾ ಕೇಳೀನಿ. ಆ ಹುಡುಗಿ ಮಾಳಿಗಿ ಮ್ಯಾಲ ನಿಂತಳು, ಅತ್ತಳು, ಮೂರ್ಛಿ ಹೋದಳು, ಈಗ ಕೆಮ್ಮಾಕತ್ಯಾಳ. ಒಂದರ ಮಾತು ಆಡ್ಯಾಳೇನ್ರಿ? ಮೂಕಿ ಏನು ಆಕಿ?”

ಹಂಪಣ್ಣ ಗಾಬರಿಯಿಂದ ಹಾಳೆ ತಿರುವಿದ. ಹೌದಲ್ಲ! ಕುಮುದಿನಿ ಒಂದು ಕಡೆ ‘ಆಹಾ’ ಅಂದಿದ್ದಳು, ಇನ್ನೊಂದು ಕಡೆ ‘ಅಯ್ಯೋ’ ಅಂದಿದ್ದಳು. ಅದು ಬಿಟ್ಟರೆ ಇಡೀ ಕಾದಂಬರಿಯಲ್ಲಿ ಅವಳ ಬಾಯಿಂದ ಒಂದಕ್ಷರ ಬಿದ್ದಿರಲಿಲ್ಲ.

“ಕಾಲಿನ ಮಾತು ಸುಳ್ಳಂತ ಅಲ್ಲಾಬಕ್ಷ್ ಮಾಮಾ ಅಂದ್ರು. ಪೊಲೀಸ್ರು ಬಂದದ್ದು ಸುಳ್ಳಂತ ಜಮಾದಾರ್ರು ಅಂದ್ರು. ನಾ ಅವನ್ನೆಲ್ಲಾ ನಂಬೀನಿ. ಇದೊಂದಾ ನಂಬಾಕ ಆಗವಲ್ದು. ನಮ್ಮ ಬೆಡಗಿನ ಹೆಣ್ಣು, ಬಾಯಿ ಇಲ್ಲದ ಇಷ್ಟು ದಿನಾ ಇರತಾಳಂತೇನು?”

ಜನ ಬೂದೆಮ್ಮನ ಕಡೆ ನೋಡಿದರು. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

“ಆಕಿ ಏನನ್ನಬೇಕಾಗಿತ್ರಿ?” ಎಂದ ಹಂಪಣ್ಣ ಮೆಲ್ಲಗೆ.

“ನಾ ಹೆಂಗ ಹೇಳ್ಲಿ? ಆಕಿನ್ನ ಯಾರರ ಕೇಳ್ಯಾರೇನು? ಒಬ್ಬಾಂವ ಪ್ರೀತಿ ಮಾಡಿದ. ಒಬ್ಬಾಂವ ಎತಗೊಂಡು ಹೋದ. ಅಪ್ಪ ಬ್ಯಾಡಂದ. ಈಗ ಊರ ಮಂದಿ ಹುಗ್ಗಿ ಕುದಸಾಕತ್ಯಾರ. ನಿನಗ ಬೇಕೇನವ್ವಾ ಅಂತ ಆಕಿನ್ನ ಕೇಳಿದವರು ಯಾರು?”

ಬೂದೆಮ್ಮ ಮೆಲ್ಲಗೆ ಕೆಳಗೆ ಕೂತಳು. ಹೆಣ್ಣಿನ ಮಾತು ಮುಗಿಸೂಣು ಅಂದಿದ್ದಳೇ ಹೊರತು ಹೆಣ್ಣನ್ನು ಮಾತಾಡಿಸಿರಲಿಲ್ಲ ಎಂಬುದು ಮುದುಕಿಗೆ ಆಗ ಹೊಳೆಯಿತು. ಹಂಪಣ್ಣನಿಗೂ ನಾಚಿಕೆಯಾಯಿತು. ಮೊದಲ ದಿನದಿಂದ ಅವನು ಬೂದೆಮ್ಮನನ್ನು ಒಲಿಸಲು ನೋಡಿದ್ದ, ಊರನ್ನು ಒಲಿಸಿದ್ದ, ಜಮಾದಾರನನ್ನೂ ಒಲಿಸಿದ್ದ. ಈ ಹುಡುಗಿಯನ್ನು ಬರೀ ನೋಡಿದ್ದ.

ಹಾಳೆಗಳನ್ನು ಮಡಿಚಿ ಪಕ್ಕಕ್ಕಿಟ್ಟ. ಏಳಲು ನೋಡಿದ, ದಬ್ಬೆ ಬಿಡಲಿಲ್ಲ. ಕೂತಲ್ಲಿಂದಲೇ, ಆಹಾ ಓಹೋ ಏನೂ ಇಲ್ಲದೆ ಹೇಳಿದ.

“ಆದೆಮ್ಮಾ, ನಾ ಕಾಲೇಜು ಓದಿದಾಂವಲ್ಲ. ಚೀಲಾ ತೂಗಸಾಂವ. ಬರದದ್ರಾಗ ಭಾಳ ಸುಳ್ಳದ. ನೀವಂದ್ರ ನನಗ ಜೀವ ಅನ್ನೂದು ಸುಳ್ಳಲ್ಲ. ನಿಮಗ ನಾ ಒಪ್ಪಿಗಿ ಅದೀನೇನ್ರಿ?”

“ವಿಚಾರ ಮಾಡಬೇಕು,” ಎಂದಳು ಆದೆಮ್ಮ.

“ಯಾ ಅಲ್ಲಾ! ಎಷ್ಟೊತ್ತು?” ಎಂದ ಜಮಾದಾರ, ತನ್ನದೇ ಮದುವೆ ನಿಂತವನ ಹಾಗೆ.

“ಹುಗ್ಗಿ ಆಗ್ಯಾದ, ಕುಂದರ್ರಿ ಎಲ್ಲಾರೂ. ಬಡಸೂತನಾ ವಿಚಾರ ಮಾಡತೀನಿ.”

ಜನ ಸಾಲಾಗಿ ಕೂತರು. ಇಂಥ ಹುಗ್ಗಿಯೂಟ ಗಬ್ಬೂರು ಕಂಡಿರಲಿಲ್ಲ. ಎಲೆಯ ಮೇಲೆ ಗಮನ ಇದ್ದವರು ಒಬ್ಬರೂ ಇಲ್ಲ. ಆದೆಮ್ಮ ಸೌಟು ಹಿಡಿದು ಸಾಲಿನಗುಂಟ ಬಂದಳು. ಜಮಾದಾರನಿಗೆ ಒಂದು ಸೌಟು, ಸಿದ್ದರಾಮಪ್ಪನವರಿಗೆ ಒಂದು, ಅಲ್ಲಾಬಕ್ಷ್‌ಗೆ ಒಂದು. ಯಾರ ಮುಖವನ್ನೂ ನೋಡಲಿಲ್ಲ. ಹಂಪಣ್ಣನ ಮುಂದೆ ಬಂದಾಗ ಸಾಲಿನ ಕೈಗಳೆಲ್ಲ ನಿಂತವು. ಅವಳು ಒಂದು ಸೌಟು ಹಾಕಿದಳು. ಮತ್ತೊಂದು ಹಾಕಿದಳು. ಆಮೇಲೆ ತುಪ್ಪದ ಗಿಂಡಿಯನ್ನೇ ಬಗ್ಗಿಸಿದಳು.

“ಸಾಕ್ರಿ, ಸಾಕು,” ಎಂದ ಹಂಪಣ್ಣ ಎಲೆಗೆ ಕೈ ಅಡ್ಡ ಹಿಡಿದು.

“ಕೈ ತಗೀರಿ,” ಎಂದಳು ಆದೆಮ್ಮ. “ಆಕಿ ಇನ್ನಾ ಭಾಳ ವರ್ಷ ಬದುಕತಾಳ. ಮಾತೂ ಭಾಳ ಆಡತಾಳ. ಅಷ್ಟೂ ನೀವಾ ಬರೀಬೇಕು. ಉಂಡು ಗಟ್ಟಿ ಆಗ್ರಿ.”

ಬೂದೆಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ಹಂಪಣ್ಣ ಕೈ ತೆಗೆದ. ಅಷ್ಟೂ ಉಂಡ, ಎಲೆಯಲ್ಲಿ ಒಂದು ಕಾಳೂ ಬಿಡಲಿಲ್ಲ.